ಅಪ್ಪನ ಚಿಕಿತ್ಸೆಗೆ 5ಜಿ ಫೋನ್ ಬೇಕೇ?

ಪ್ರಶ್ನೆ (ಕೊಡಗಿನ ನಾಪೋಕ್ಲು ಕಡೆಯಿಂದ): ನಮಸ್ಕಾರ ಡಾಕ್ಟರೇ. ಅಪ್ಪನಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ತೋಟ ಬಿಟ್ಟು ಬರಲು ಒಪ್ಪುವುದಿಲ್ಲ, ಮೈಸೂರಿನ ಪ್ರಯಾಣ ಅವರಿಗೆ ಆಗುವುದಿಲ್ಲ. 5ಜಿ ಇದ್ದರೆ ತಜ್ಞರನ್ನು ಮನೆಯಿಂದಲೇ ಕಾಣಬಹುದು ಎಂದು ಮೊಬೈಲ್ ಅಂಗಡಿಯವರು ಹೇಳುತ್ತಾರೆ. ಹೊಸ ಫೋನ್ ಕೊಳ್ಳಲೇ?

ಉತ್ತರ: ಅಪ್ಪನಿಗಾಗಿ ಮಾತ್ರವಾದರೆ ಬೇಡ. ಮನೆಯಿಂದಲೇ ವೈದ್ಯರನ್ನು ಕಾಣುವ ಸರ್ಕಾರಿ ಸೇವೆ ಇ-ಸಂಜೀವಿನಿಯಲ್ಲಿ ವೈದ್ಯರೊಡನೆ ಮಾತನಾಡಲು ಸ್ಥಿರವಾದ 4ಜಿ ಸಾಕು. ಇಸಿಜಿ ಹಾಳೆಯ ಚಿತ್ರವೂ ಪುಟ್ಟದು, ಹಳೆಯ ಫೋನಿನಲ್ಲಿಯೇ ಹೋಗುತ್ತದೆ. 5ಜಿಯ ವೇಗ ಬೇಕಾಗುವುದು ಆಸ್ಪತ್ರೆಗಳಿಗೆ: ಭಾರೀ ಗಾತ್ರದ ಸಿ.ಟಿ. ಸ್ಕ್ಯಾನ್ ಚಿತ್ರಗಳನ್ನು ಕಳುಹಿಸಲು, ಓಡುವ ಆಂಬುಲೆನ್ಸಿನಿಂದ ಅಲ್ಟ್ರಾಸೌಂಡನ್ನು ನೇರವಾಗಿ ತೋರಿಸಲು. ಇನ್ನೊಂದು ತೊಡಕಿದೆ. ಹೆಚ್ಚು ವೇಗ ಕೊಡುವ 3300 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳು ಗುಡ್ಡ, ದಟ್ಟ ಮರಗಳ ಮುಂದೆ ಬೇಗ ಸೋಲುತ್ತವೆ. 700 ಮೆಗಾಹರ್ಟ್ಸ್ ತರಂಗ ದೂರ ಸಾಗುತ್ತದೆ, ಆದರೆ ಆ ವೇಗ ಅದಕ್ಕಿಲ್ಲ. ನಿಮ್ಮ ತೋಟದ ಮನೆಯಲ್ಲಿ ಯಾವುದು ಸಿಗುತ್ತದೆ ಎಂಬುದನ್ನು ಅಂಗಡಿಯವರು ಅಂಗಡಿಯಲ್ಲಿ ಕುಳಿತು ಹೇಳಲಾರರು.

ಪ್ರಶ್ನೆ (ಸೋಮವಾರಪೇಟೆಯಿಂದ): ಕಕ್ಕಡ ಮಾಸದ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಟವರ್ ಕೂಡ ಸತ್ತುಹೋಗುತ್ತದಲ್ಲ ಸರ್? ಆಗ ಎದೆನೋವು ಬಂದರೆ?

ಉತ್ತರ: ಎದೆನೋವಿಗೆ ವಿಡಿಯೊ ಕರೆಯೇ ಬೇಡ, ಸಿಗ್ನಲ್ ಇದ್ದರೂ. 108ಕ್ಕೆ ಕರೆ ಮಾಡಿ; ಕರೆ ಹೋಗದಿದ್ದರೆ ಸಿಕ್ಕಿದ ಜೀಪಿನಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೊರಡಿ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸ್ಥಳೀಯ ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡುತ್ತಾರೆ. ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಈ ಸೌಲಭ್ಯ ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂದು ಮಳೆಗೆ ಮೊದಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ (ವಿರಾಜಪೇಟೆಯಿಂದ): 5ಜಿಯಲ್ಲಿ ದೂರದಿಂದಲೇ ಶಸ್ತ್ರಚಿಕಿತ್ಸೆ ಮಾಡುತ್ತಾರಂತೆ, ನಿಜವೇ?

ಉತ್ತರ: ನಿಜ. 2019ರಲ್ಲಿ ಚೀನಾದಲ್ಲಿ 5ಜಿ ಮೂಲಕ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಆದರೆ 2001ರಲ್ಲಿಯೇ ನ್ಯೂಯಾರ್ಕಿನಲ್ಲಿ ಕುಳಿತ ವೈದ್ಯರು ಫ್ರಾನ್ಸಿನ ರೋಗಿಯೊಬ್ಬರ ಪಿತ್ತಕೋಶವನ್ನು ರೋಬೊಟ್‌ನಿಂದ ತೆಗೆದಿದ್ದರು, ಅದೂ ಫೈಬರ್ ಕೇಬಲ್ ಮೂಲಕ. ರೋಗಿಯ ಬಳಿ ಆಗಲೂ ವೈದ್ಯರ ತಂಡ ನಿಂತಿತ್ತು. ಅಂಥ ತಂಡವಿಲ್ಲದ ಊರಿಗೆ ಬರೀ ಸಿಗ್ನಲ್ ತಂದು ಪ್ರಯೋಜನವಿಲ್ಲ.

ಮೊದಲ ಪ್ರಶ್ನೆ ಕೇಳಿದವರು: ಹಾಗಾದರೆ ಫೋನಿಗೆಂದು ಇಟ್ಟ ಹಣದಲ್ಲಿ ಏನು ಕೊಳ್ಳಲಿ ಡಾಕ್ಟರೇ?

ಉತ್ತರ: ತೋಳಿಗೆ ಕಟ್ಟುವ ಬಿ.ಪಿ. ಯಂತ್ರ, ಗ್ಲುಕೋಮೀಟರ್. ಮನೆಗೆ ಫೈಬರ್ ಸಂಪರ್ಕವಿದ್ದರೆ ರೂಟರಿಗೊಂದು ಪುಟ್ಟ ಬ್ಯಾಟರಿ ಬ್ಯಾಕಪ್ ಕೊಳ್ಳಿ, ಫೋನಿನಲ್ಲಿ ವೈ-ಫೈ ಕರೆ ಸೌಲಭ್ಯವಿದ್ದರೆ ಚಾಲೂ ಮಾಡಿ. ತಂತಿ ತುಂಡಾಗದಿದ್ದರೆ ಟವರ್ ಇಲ್ಲದಾಗಲೂ ಕರೆ ಹೋಗುತ್ತದೆ.