ಬಳ್ಳಾರಿಯಿಂದ ಶ್ರೀಲಂಕಾಕ್ಕೆ ಕಾರಲ್ಲೇ ಹೋಗಬಹುದಾ?

ಬಳ್ಳಾರಿ_ಕಾರು: ಜನವರಿಯಲ್ಲಿ ನಾಲ್ಕು ಜನ ಹೊರಟಿದ್ದೇವೆ. ಹಿಂದೆ ಆನೆಗೊಂದಿ ಹತ್ತಿರ ಹರಿಗೋಲಿಗೆ ಬೈಕ್ ಏರಿಸಿ ಹೊಳೆ ದಾಟುತ್ತಿದ್ದರಲ್ಲ, ಹಾಗೆ ಕಾರನ್ನೂ ಹಡಗಿಗೆ ಹಾಕಿ ಲಂಕಾದಲ್ಲಿ ಇಳಿಸಬಹುದಾ?

ಕೊಪ್ಪಳದವ: ಆಗಲ್ಲ ಗುರುವೇ. ತಮಿಳುನಾಡಿನ ನಾಗಪಟ್ಟಿಣಂನಿಂದ ಜಾಫ್ನಾ ಹತ್ತಿರದ ಕಾಂಕೇಸಂತುರೈಗೆ 2023ರ ಅಕ್ಟೋಬರಿನಲ್ಲಿ ಹಡಗು ಶುರುವಾಯಿತು. ಮಳೆಗಾಲಕ್ಕೆ ನಿಂತು 2024ರ ಆಗಸ್ಟಿನಲ್ಲಿ ಮತ್ತೆ ಶುರುವಾಯಿತು, ಆದರೆ ಅದರಲ್ಲಿ ಜನ ಮತ್ತು ಲಗೇಜು ಮಾತ್ರ, ಕಾರಿಗೆ ಜಾಗವೇ ಇಲ್ಲ. ದಾರಿ ಸುಮಾರು 110 ಕಿ.ಮೀ., ನಾಲ್ಕು ಗಂಟೆ. ನವೆಂಬರ್, ಡಿಸೆಂಬರಿನಲ್ಲಿ ಸಮುದ್ರ ಕೆಟ್ಟಿರುತ್ತದೆ, ಹಡಗು ಇದೆಯಾ ಅಂತ ಕೇಳಿಕೊಂಡೇ ಹೊರಡಿ.

ಬಳ್ಳಾರಿ_ಕಾರು: ಅಯ್ಯೋ, ಹಾಗಾದರೆ ಕಾರು?

ಸಿಂಧನೂರಿನವಳು: ನಾಗಪಟ್ಟಿಣಂನಲ್ಲೇ ನಿಲ್ಲಿಸಿ, ಆಚೆ ಬಾಡಿಗೆ ಗಾಡಿ ತಗೊಳ್ಳಿ. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸೋದು, ಆದರೆ ನಮ್ಮ ಲೈಸೆನ್ಸ್ ಒಂದೇ ಸಾಲದು, ಅಲ್ಲಿನ ಪರ್ಮಿಟ್ ಬೇಕು. ಪಾಸ್‌ಪೋರ್ಟ್, ವೀಸಾ ಮರೀಬೇಡಿ. ಮತ್ತೆ ಹಡಗು ಹತ್ತುವ ಮುಂಚೆ ಹೊಟ್ಟೆ ತುಂಬ ತಿನ್ನಬೇಡಿ. ಅಂಡಮಾನ್‌ಗೆ ಹೋದಾಗ ನಾನು ಬುತ್ತಿ ಕಟ್ಟಿದ್ದ ಮಿರ್ಚಿ ತಿಂದು ಹತ್ತಿದ್ದೆ, ಆಮೇಲಿನ ಕಥೆ ಬೇಡ ಬಿಡಿ.

ಬಳ್ಳಾರಿ_ಕಾರು: ಸರಿ ಅಕ್ಕಾ, ಮಿರ್ಚಿ ವಾಪಸ್ ಬಂದ ಮೇಲೆ!