ಅಪ್‌ಡೇಟ್: ಒಡೆದ ದವಡೆ ಹಲ್ಲು ಕೀಳಿಸಲಿಲ್ಲ

ಕೆಳಗಿನ ಮೊದಲ ದವಡೆ ಹಲ್ಲಿನ ಮೂಲೆ ಒಡೆದಿದೆ, ಕೀಳಿಸಿ ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸಲೋ ಉಳಿಸಿಕೊಳ್ಳಲೋ ಎಂದು ಕೇಳಿದ್ದೆ. ವಿರಾಜಪೇಟೆಗೆ ಮೂರು ಸಲ ಓಡಾಡಿ ಹಲ್ಲು ಉಳಿಯಿತು.

ನಿರ್ಧಾರ ನಿಂತದ್ದು ಎರಡು ಅಳತೆಗಳ ಮೇಲೆ. ಒಸಡಿನ ಮೇಲೆ ಸುತ್ತಲೂ 1.5ರಿಂದ 2 ಮಿ.ಮೀ. ಗಟ್ಟಿ ಹಲ್ಲು ಉಳಿದಿರಬೇಕು. ಕ್ಯಾಪ್ (ಹಲ್ಲಿನ ಮೇಲೆ ಹಾಕುವ ಕವಚ) ಅದನ್ನು ಗಾಡಿಚಕ್ರದ ಕಬ್ಬಿಣದ ಪಟ್ಟಿಯಂತೆ ಬಿಗಿಹಿಡಿಯುತ್ತದೆ. ಅಷ್ಟಿಲ್ಲದೆ ಪೋಸ್ಟ್ (ಕ್ಯಾಪ್‌ಗೆ ಆಧಾರವಾಗಿ ಬೇರಿನೊಳಗೆ ಇಡುವ ಕಡ್ಡಿ) ಕೂರಿಸಿದರೆ ಅಗಿಯುವ ಒತ್ತಡ ಬೇರಿಗಿಳಿದು ಆ ಬೇರು ಸೀಳಬಹುದು. ಇನ್ನೊಂದು, ಒಸಡಿನ ಸಂದಿನ ಆಳ. ಒಂದೇ ಜಾಗದಲ್ಲಿ ಮಾತ್ರ ಪ್ರೋಬ್ (ಆಳ ಅಳೆಯುವ ಸಣ್ಣ ಕಡ್ಡಿ) ಕಿರಿದಾಗಿ ಆಳಕ್ಕೆ ಇಳಿದರೆ ಬಿರುಕು ಬೇರಿಗೆ ಹಬ್ಬಿರುವ ಅನುಮಾನ. ಬೇರು ಉದ್ದಕ್ಕೆ ಸೀಳಿದ್ದರೆ ಕೀಳುವುದೇ ಸರಿ. ನನ್ನ ಹಲ್ಲಿಗೆ ಈ ಆಳ ಸುತ್ತಲೂ 3 ಮಿ.ಮೀ. ಒಳಗೇ ಇತ್ತು.

ರೂಟ್ ಕೆನಾಲ್‌ಗೆ (ಬೇರಿನ ನಾಳಗಳನ್ನು ತೊಳೆದು ತುಂಬುವ ಚಿಕಿತ್ಸೆ) ರಬ್ಬರ್ ಡ್ಯಾಮ್ (ಹಲ್ಲನ್ನು ಮಾತ್ರ ಹೊರಗೆ ಬಿಟ್ಟು ಬಾಯಿ ಮುಚ್ಚುವ ರಬ್ಬರ್ ಹಾಳೆ) ಹಾಕುತ್ತಾರಾ ಎಂದು ಮೊದಲೇ ಕೇಳಿ, ಸಂಕೋಚ ಬೇಡ. ಎಂಜಲಿನ ಬ್ಯಾಕ್ಟೀರಿಯಾ ಒಳಗಿಳಿಯದಂತೆ, ನಾಳ ತೊಳೆಯುವ ಹೈಪೋಕ್ಲೋರೈಟ್ ದ್ರಾವಣ ಗಂಟಲಿಗೆ ಹೋಗದಂತೆ ತಡೆಯುವುದು ಅದೇ. ಈ ಹಲ್ಲಿಗೆ ಸಾಮಾನ್ಯವಾಗಿ ಮೂರು ನಾಳ, ಕೆಲವರಿಗೆ ನಾಲ್ಕು. ಒಂದು ತಪ್ಪಿದರೂ ಸೋಂಕು ಮರಳಬಹುದು.

ನೋವು ಹೋಯಿತೆಂದು, ಮಳೆಯೆಂದು ಕ್ಯಾಪ್ ಮುಂದೂಡಬೇಡಿ. ತಾತ್ಕಾಲಿಕ ಫಿಲ್ಲಿಂಗ್ ಕೆಲವೇ ವಾರಗಳಲ್ಲಿ ಸೋರುತ್ತದೆ, ಹಲ್ಲಿನ ತೆಳುವಾದ ಗೋಡೆ ಒಂದು ಮೂಳೆ ಕಡಿದರೂ ಸೀಳಬಹುದು. ಕ್ಯಾಪ್ ಹಾಕಿಸುವವರೆಗೆ ಆ ಬದಿಯಲ್ಲಿ ಅಡಿಕೆ ಬೇಡವೇ ಬೇಡ. ಕಾಚಂಪುಳಿ (ಕೊಡಗಿನ ಹುಳಿ ರಸ) ಹಾಕಿದ ಪಂದಿಕರಿ (ಹಂದಿಮಾಂಸದ ಸಾರು) ತಿಂದ ಮೇಲೆ ನೀರು ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಿ. ಹುಳಿಗೆ ಮೆತ್ತಗಾದ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಬೇಗ ಸವೆಯುತ್ತದೆ.