ಇಲ್ಲೇ ಹುಟ್ಟಿದ ಮಗುವಿಗೆ ಬ್ರಿಟಿಷ್ ಪೌರತ್ವ: ಮೊದಲು ಐಎಲ್‌ಆರ್ (ಕಾಯಂ ವಾಸದ ಅನುಮತಿ) ಬೇಕಾ?

ಪ್ರಶ್ನೆ (ಇಂಗ್ಲೆಂಡಿನ ರೆಡಿಂಗ್‌ನಿಂದ ಒಬ್ಬ ತಾಯಿ):
ನಮಸ್ಕಾರ ಸರ್. ನಮ್ಮೂರು ದಾವಣಗೆರೆ. ನಮ್ಮ ಯಜಮಾನರ ಕೆಲಸದ ವೀಸಾದಲ್ಲಿ ಇಲ್ಲಿಗೆ ಬಂದೆವು. ಹೋದ ತಿಂಗಳು ನಮ್ಮಿಬ್ಬರಿಗೂ ಮಗಳಿಗೂ ಐಎಲ್‌ಆರ್ ಬಂತು. ಮಗಳು ಹುಟ್ಟಿದ್ದು ದಾವಣಗೆರೆಯಲ್ಲಿ, ಈಗ 8 ವರ್ಷ. ಮಗ ಹುಟ್ಟಿದ್ದು ಇಲ್ಲೇ ರೆಡಿಂಗ್‌ನಲ್ಲಿ, ಒಂದೂವರೆ ವರ್ಷ. ಅವನಿಗೆ ಇಂಡಿಯನ್ ಪಾಸ್‌ಪೋರ್ಟ್ ಮಾಡಿಸಿದ್ದೇವೆ, ವೀಸಾ ಮಾಡಿಸಿಲ್ಲ. ಪರಿಚಯದವರೊಬ್ಬರು, ಮೊದಲು ಅವನಿಗೂ ಐಎಲ್‌ಆರ್ ತಗೊಳ್ಳಿ, ಒಂದು ವರ್ಷ ಆದ ಮೇಲೆ ಎಲ್ಲರೂ ಒಟ್ಟಿಗೆ ಸಿಟಿಜನ್‌ಶಿಪ್‌ಗೆ ಹಾಕಿ ಅಂದರು. ಹಾಗೇ ಮಾಡಬೇಕಾ? ಇನ್ನು ಎರಡು ತಿಂಗಳಿಗೆ ನನ್ನ ತಮ್ಮನ ಮದುವೆ ಇದೆ. ನಾಲ್ಕೂ ಜನಕ್ಕೆ ಟಿಕೆಟ್ ಬುಕ್ ಮಾಡಬೇಕು.

ಉತ್ತರ (ಸಾಲಿಸಿಟರ್, ಅಂದರೆ ವಕೀಲರು):
ಮೇಡಂ, ಮಗನ ಟಿಕೆಟ್ ಇನ್ನೂ ಬುಕ್ ಮಾಡಬೇಡಿ. ಕಾರಣ ಆಮೇಲೆ ಹೇಳ್ತೀನಿ.

ಮೊದಲು ಐಎಲ್‌ಆರ್ ವಿಷಯ. ನಿಮ್ಮ ಮಗನಿಗೆ ಐಎಲ್‌ಆರ್ ಬೇಕಿಲ್ಲ. ಹಿಂದೆ ಈ ದೇಶದಲ್ಲಿ ಹುಟ್ಟಿದ ಮಕ್ಕಳೆಲ್ಲ ಹೆಚ್ಚುಕಡಿಮೆ ಹುಟ್ಟಿನಿಂದಲೇ ಬ್ರಿಟಿಷರಾಗುತ್ತಿದ್ದರು. 1981ರ ಬ್ರಿಟಿಷ್ ನ್ಯಾಷನಾಲಿಟಿ ಆಕ್ಟ್ 1983ರ ಜನವರಿ 1ರಿಂದ ಜಾರಿಗೆ ಬಂದು ಅದನ್ನು ನಿಲ್ಲಿಸಿತು. ಈಗ ಮಗು ಹುಟ್ಟುವ ಹೊತ್ತಿಗೆ ಅಪ್ಪ ಅಥವಾ ಅಮ್ಮ ಬ್ರಿಟಿಷ್ ಆಗಿರಬೇಕು, ಇಲ್ಲವೇ ಐಎಲ್‌ಆರ್ ಇರಬೇಕು. ಆದರೆ ಅದೇ ಕಾಯ್ದೆಯ ಸೆಕ್ಷನ್ 1(3) ಒಂದು ಬಾಗಿಲು ತೆರೆದಿಟ್ಟಿದೆ. ಇಲ್ಲಿ ಹುಟ್ಟಿದ ಮಗುವಿಗೆ 18 ತುಂಬುವುದರೊಳಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ಐಎಲ್‌ಆರ್ ಬಂದರೆ, ಆ ಮಗುವನ್ನು ಬ್ರಿಟಿಷ್ ಪೌರನಾಗಿ ರಿಜಿಸ್ಟರ್ ಮಾಡಿಸುವುದು ಅದರ ಹಕ್ಕು. 18 ತುಂಬುವ ಮುಂಚೆ ಅರ್ಜಿ ಹಾಕಿರಬೇಕು. ಮಗುವಿಗೆ ವೀಸಾ ಇದೆಯಾ, ಐಎಲ್‌ಆರ್ ಇದೆಯಾ ಅಂತ ಆ ಸೆಕ್ಷನ್ ಕೇಳುವುದೇ ಇಲ್ಲ. ನೀವು ಒಂದು ವರ್ಷ ಕಾಯುವುದೂ ಬೇಡ. ಆ 12 ತಿಂಗಳ ಲೆಕ್ಕ ದೊಡ್ಡವರ ಅರ್ಜಿಗೆ.

ದುಡ್ಡಿನ ಲೆಕ್ಕವನ್ನೂ ನೋಡಿ. 2025ರ ಏಪ್ರಿಲ್‌ನಲ್ಲಿ ಐಎಲ್‌ಆರ್ ಫೀಸು ತಲೆಗೆ 3,029 ಪೌಂಡ್ ಇತ್ತು. ಆಗ ಮಗುವಿನ ರಿಜಿಸ್ಟ್ರೇಷನ್ ಫೀಸು 1,214 ಪೌಂಡ್ ಇತ್ತು. ಐಎಲ್‌ಆರ್ ಮಾಡಿಸಿದರೂ ಆಮೇಲೆ ರಿಜಿಸ್ಟ್ರೇಷನ್ ಫೀಸು ಕಟ್ಟಲೇಬೇಕು. ಹೀಗೆ ಎರಡೂ ಕಟ್ಟಿ ಬಂದ ಎಷ್ಟೋ ಮನೆಯವರನ್ನು ನೋಡಿದ್ದೇನೆ. ಮಕ್ಕಳಿಗಾಗಿ ಕೂಡಿಟ್ಟ ದುಡ್ಡು ಅದು, ಸುಮ್ನೆ ಹೋಯಿತಲ್ಲ ಅಂತ ನನಗೆ ತುಂಬಾ ಬೇಜಾರಾಗುತ್ತದೆ. ಫೀಸು ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ದಿನ ಸರ್ಕಾರದ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.

ಅರ್ಜಿಯ ಹೆಸರು ಎಂಎನ್ 1. ಆನ್‌ಲೈನ್‌ನಲ್ಲೇ ಹಾಕಬಹುದು. ಮಗನ ಬರ್ತ್ ಸರ್ಟಿಫಿಕೇಟ್ ಬೇಕು, ಅಪ್ಪ ಅಮ್ಮ ಇಬ್ಬರ ಹೆಸರೂ ಇರುವ ಉದ್ದನೆಯದು. ನಿಮ್ಮ ಮದುವೆ ಸರ್ಟಿಫಿಕೇಟ್, ನಿಮ್ಮ ಪಾಸ್‌ಪೋರ್ಟ್, ಐಎಲ್‌ಆರ್ ಇರುವುದಕ್ಕೆ ಪುರಾವೆ, ಮಗನ ಇಂಡಿಯನ್ ಪಾಸ್‌ಪೋರ್ಟ್ ಇವೆಲ್ಲ ಜೊತೆಗಿರಲಿ. ಇಬ್ಬರು ರೆಫರಿಗಳು, ಅಂದರೆ ಮಗುವಿನ ಗುರುತಿಗೆ ಸಾಕ್ಷಿ ಹೇಳುವವರು ಬೇಕು. ಒಬ್ಬರು ಮಗುವನ್ನು ತಮ್ಮ ಕೆಲಸದ ಮೂಲಕ ಬಲ್ಲವರು, ಅಂದರೆ ಹೆಲ್ತ್ ವಿಸಿಟರ್ (ಮಗುವಿನ ಆರೋಗ್ಯ ನೋಡಲು ಬರುವ ನರ್ಸ್), ಟೀಚರ್ ಅಂಥವರು. ಇನ್ನೊಬ್ಬರು ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು. ನೆಂಟರು ಆಗುವುದಿಲ್ಲ. ಐದು ವರ್ಷದೊಳಗಿನ ಮಗುವಿನ ಬೆರಳಚ್ಚು ತಗೊಳ್ಳುವುದಿಲ್ಲ, ಫೋಟೋ ಮಾತ್ರ. ಪರೀಕ್ಷೆ, ಪ್ರಮಾಣವಚನ ಯಾವುದೂ ಮಕ್ಕಳಿಗಿಲ್ಲ.

ಈಗ ಟಿಕೆಟ್ ವಿಷಯ. ಇಲ್ಲಿ ಹುಟ್ಟಿದ ಮಗು ವೀಸಾ ಇಲ್ಲದೆ ಇಲ್ಲೇ ಇದ್ದರೆ ತಪ್ಪಿಲ್ಲ. ಆದರೆ ಒಮ್ಮೆ ದೇಶ ಬಿಟ್ಟು ಹೋದರೆ, ವಾಪಸ್ ಬರಲು ವೀಸಾ ಬೇಕು. ಬರಿ ಇಂಡಿಯನ್ ಪಾಸ್‌ಪೋರ್ಟ್ ಇದ್ದರೆ ಬೆಂಗಳೂರು ಏರ್‌ಪೋರ್ಟ್‌ನಲ್ಲೇ ತಡೆಯುತ್ತಾರೆ. ರಿಜಿಸ್ಟ್ರೇಷನ್‌ಗೆ ಆರು ತಿಂಗಳವರೆಗೂ ಹಿಡಿಯಬಹುದು. ಅದು ಆದ ಮೇಲೆ ಮೊದಲ ಬ್ರಿಟಿಷ್ ಪಾಸ್‌ಪೋರ್ಟ್‌ಗೆ ಇನ್ನಷ್ಟು ವಾರ. ಎರಡು ತಿಂಗಳಲ್ಲಿ ಇದೆಲ್ಲ ಮುಗಿಯುತ್ತದೆ ಅಂತ ನಂಬಿ ಹೊರಡಬೇಡಿ. ಅಜ್ಜಿ ಮೊಮ್ಮಗನ ಮುಖ ನೋಡಲು ಕಾಯ್ತಿರ್ತಾರೆ, ಗೊತ್ತು. ಆದರೂ ಇದರಲ್ಲಿ ರಿಸ್ಕ್ ತಗೋಬೇಡಿ.

ಅದೇ ತಾಯಿ:
ಸರ್, ಟಿಕೆಟ್ ಮಾಡಿಸಿಬಿಡುತ್ತಿದ್ದೆವು. ತುಂಬಾ ಥ್ಯಾಂಕ್ಸ್. ಹಾಗಾದರೆ ಮಗಳದ್ದು ಈಗಲೇ ಹಾಕಬಹುದಾ?

ಉತ್ತರ:
ಅವಳದು ಬೇರೆ ದಾರಿ. ಇಂಡಿಯಾದಲ್ಲಿ ಹುಟ್ಟಿದ್ದರಿಂದ ಸೆಕ್ಷನ್ 3(1) ಕೆಳಗೆ ಬರುತ್ತಾಳೆ. ಅಲ್ಲಿ ಹಕ್ಕು ಇಲ್ಲ, ಹೋಮ್ ಆಫೀಸಿನ (ವಲಸೆ, ಪೌರತ್ವ ನೋಡುವ ಬ್ರಿಟಿಷ್ ಇಲಾಖೆ) ವಿವೇಚನೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಬ್ರಿಟಿಷ್ ಆಗಿದ್ದಾರಾ ಅಥವಾ ಆಗುವವರಿದ್ದಾರಾ, ಮಗುವಿಗೆ ಐಎಲ್‌ಆರ್ ಇದೆಯಾ, ಮುಂದಿನ ಬದುಕು ಇಲ್ಲೇನಾ ಅಂತ ಸಾಮಾನ್ಯವಾಗಿ ನೋಡುತ್ತಾರೆ. ನಿಮಗೆ 12 ತಿಂಗಳು ತುಂಬಿದ ಮೇಲೆ ನಿಮ್ಮ ಅರ್ಜಿಯ ಜೊತೆಗೇ ಅವಳದ್ದೂ ಹಾಕಿ.

ಮತ್ತೊಬ್ಬರು (ಮ್ಯಾಂಚೆಸ್ಟರ್):
ಸರ್, ನನ್ನ ಮಗಳು ಇಲ್ಲಿ ಹುಟ್ಟುವಾಗ ನನ್ನ ಹೆಂಡತಿಗೆ ಆಗಲೇ ಐಎಲ್‌ಆರ್ ಇತ್ತು, ನನಗೆ ಇರಲಿಲ್ಲ. ನಾವೂ ಎಂಎನ್ 1 ಹಾಕಬೇಕಾ?

ಉತ್ತರ:
ಬೇಡ. ನಿಮ್ಮ ಮಗಳು ಹುಟ್ಟಿದ ದಿನದಿಂದಲೇ ಬ್ರಿಟಿಷ್. ಅವಳು ಹುಟ್ಟಿದ ದಿನ ತಾಯಿಗೆ ಐಎಲ್‌ಆರ್ ಇತ್ತು ಅನ್ನುವ ದಾಖಲೆ ಇಟ್ಟು ನೇರವಾಗಿ ಪಾಸ್‌ಪೋರ್ಟ್‌ಗೆ ಹಾಕಿ. ರಿಜಿಸ್ಟ್ರೇಷನ್ ಫೀಸು ಉಳಿಯಿತು.

ಇನ್ನೊಬ್ಬ ತಾಯಿ (ಊರು ಹೇಳಿಲ್ಲ):
ನಮಗೆ ಇಬ್ಬರಿಗೂ ಐಎಲ್‌ಆರ್ ಇಲ್ಲ, ಕಷ್ಟದಲ್ಲಿದ್ದೇವೆ. ಮಗ ಇಲ್ಲೇ ಹುಟ್ಟಿ ಇಲ್ಲೇ ಬೆಳೆದ. ಮುಂದಿನ ತಿಂಗಳು 10 ತುಂಬುತ್ತದೆ. ಅವನಿಗೆ ಏನಾದರೂ ದಾರಿ ಇದೆಯಾ ಸರ್?

ಉತ್ತರ:
ಇದೆ ಅಮ್ಮಾ, ಧೈರ್ಯವಾಗಿರಿ. ಇಲ್ಲಿ ಹುಟ್ಟಿ ಮೊದಲ 10 ವರ್ಷ ಇಲ್ಲೇ ಕಳೆದ ಮಗುವಿಗೆ ಸೆಕ್ಷನ್ 1(4) ಪೌರತ್ವದ ಹಕ್ಕು ಕೊಡುತ್ತದೆ. ಅಪ್ಪ ಅಮ್ಮನ ವೀಸಾ ಏನೇ ಇರಲಿ, ಅದು ಇದಕ್ಕೆ ಅಡ್ಡ ಬರುವುದಿಲ್ಲ. ಅರ್ಜಿಯ ಹೆಸರು ಫಾರ್ಮ್ ಟಿ. ಮುಖ್ಯ ಷರತ್ತು: ಆ ಹತ್ತರಲ್ಲಿ ಯಾವ ವರ್ಷವೂ 90 ದಿನಕ್ಕಿಂತ ಜಾಸ್ತಿ ದೇಶದ ಹೊರಗೆ ಇರಬಾರದು. ದಾಟಿದ್ದರೂ ತಕ್ಕ ಕಾರಣ ಇದ್ದರೆ ಹೋಮ್ ಆಫೀಸ್ ಒಪ್ಪಬಹುದು. ಪ್ರತಿ ವರ್ಷಕ್ಕೂ ಪುರಾವೆ ಬೇಕು. ಹುಟ್ಟಿದಾಗ ಕೊಟ್ಟ ರೆಡ್ ಬುಕ್ (ಮಗುವಿನ ಆರೋಗ್ಯದ ಪುಸ್ತಕ), ಜಿಪಿ (ಫ್ಯಾಮಿಲಿ ಡಾಕ್ಟರ್) ದಾಖಲೆ, ನರ್ಸರಿ ಮತ್ತು ಸ್ಕೂಲಿನ ಪತ್ರ ಎಲ್ಲ ಇವತ್ತೇ ಹುಡುಕಿ ಒಂದು ಕಡೆ ಇಡಿ.

ಫೀಸು ಕಟ್ಟಲು ಆಗದಿದ್ದರೆ ಮನ್ನಾಕ್ಕೆ ಕೇಳಬಹುದು. 2022ರ ಜೂನ್‌ನಿಂದ ಮಕ್ಕಳ ಅರ್ಜಿಗೆ ಆ ಅವಕಾಶ ಇದೆ. ಮೊದಲು ಮನ್ನಾ ಅರ್ಜಿ, ಅದು ಒಪ್ಪಿಗೆಯಾದ ಮೇಲೆ ಫಾರ್ಮ್ ಟಿ. ಒಂದು ಮಾತು ನೆನಪಿರಲಿ: 10 ತುಂಬಿದ ಮಕ್ಕಳ ನಡತೆಯನ್ನೂ ನೋಡುತ್ತಾರೆ. ಪೊಲೀಸ್ ಕೇಸು ಏನಾದರೂ ಇದ್ದರೆ ಮುಚ್ಚಿಡದೆ ಮೊದಲೇ ವಕೀಲರಿಗೆ ಹೇಳಿ.

ರೆಡಿಂಗ್‌ನ ತಾಯಿ:
ಕೊನೇ ಪ್ರಶ್ನೆ ಸರ್. ಮಗ ಬ್ರಿಟಿಷ್ ಆದ ಮೇಲೆ ಅವನ ಇಂಡಿಯನ್ ಪಾಸ್‌ಪೋರ್ಟ್ ಏನು ಮಾಡೋದು? ಇಟ್ಟುಕೊಂಡರೆ ಊರಿಗೆ ಹೋಗಲು ಸುಲಭ ಅಲ್ವಾ?

ಉತ್ತರ:
ಇಟ್ಟುಕೊಂಡು ಅದರಲ್ಲಿ ಓಡಾಡಬೇಡಿ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ತಗೊಳ್ಳಿ, ಆಮೇಲೆ ಓಸಿಐ (ಸಾಗರೋತ್ತರ ಭಾರತೀಯರ ಕಾರ್ಡ್) ಮಾಡಿಸಿ. ಓಸಿಐ ಇದ್ದರೆ ಊರಿಗೆ ಹೋಗುವಾಗ ಪ್ರತಿ ಸಲ ವೀಸಾ ಬೇಕಿಲ್ಲ. ಮಗನ ಹೆಸರು ಎಲ್ಲ ಕಾಗದದಲ್ಲೂ ಒಂದೇ ತರ ಇರಲಿ. ನಮ್ಮ ಕಡೆ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಬಿಡಿಸಿ ಬರೆಯುತ್ತೇವಲ್ಲ, ಎಷ್ಟೋ ಪಾಸ್‌ಪೋರ್ಟ್ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ರೆಡಿಂಗ್‌ನ ತಾಯಿ:
ಸರಿ ಸರ್. ಯಜಮಾನರು ಮಗನ ಜೊತೆ ಇಲ್ಲೇ ಇರ್ತಾರೆ. ನಾನೂ ಮಗಳೂ ಮದುವೆಗೆ ಹೋಗಿ ಬರ್ತೀವಿ.

ಉತ್ತರ:
ಒಳ್ಳೆಯದು. ಹೊರಡುವ ಮೊದಲು ನಿಮ್ಮಿಬ್ಬರ ಇ-ವೀಸಾ (ಐಎಲ್‌ಆರ್‌ನ ಆನ್‌ಲೈನ್ ದಾಖಲೆ) ಈಗಿನ ಪಾಸ್‌ಪೋರ್ಟ್ ನಂಬರಿಗೇ ಜೋಡಿಸಿದೆಯಾ ನೋಡಿಕೊಳ್ಳಿ. ಮದುವೆ ಸರ್ಟಿಫಿಕೇಟ್ ದಾವಣಗೆರೆಯಲ್ಲೇ ಇದ್ದರೆ ಈಗಲೇ ಯಾರಿಗಾದರೂ ಹೇಳಿ ಕಳಿಸಿಕೊಳ್ಳಿ, ಎಂಎನ್ 1 ಅನ್ನು ಮದುವೆ ಮುಗಿಯುವವರೆಗೆ ತಡ ಮಾಡುವುದು ಬೇಡ.